ಆನೆ ಹೊತ್ತಿನ ವ್ಯಾಪಾರವೂ ಮಗಳ ಸೀಟೂ

ಆತುರಗಾರನಿಗೆ ಬುದ್ಧಿ ಮಟ್ಟ, ತಾಳಿದವನು ಬಾಳಿಯಾನು, ನಿಧಾನವೇ ಪ್ರಧಾನ. ನಿಧಾನದ ಪರವಾಗಿ ನಮ್ಮ ಹಿರಿಯರು ಇಷ್ಟೊಂದು ಗಾದೆ ಕಟ್ಟಿಟ್ಟು ಹೋಗಿರುವಾಗ ನಾನೊಬ್ಬ ನಿಧಾನಸ್ಥನಾಗಿ ಬೆಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ‘ಗಾಳಿ ಬಂದಾಗ ತೂರ್ಕೋ ಅಂತಾನೂ ಒಂದು ಗಾದೆ ಐತಲ್ಲ, ಅದು ನಿಮ್ಮ ಕಿವಿಗೆ ಬೀಳಲೇ ಇಲ್ವಾ’ ಎಂದು ನನ್ನ ಹೆಂಡತಿ ಸುಧಾ ಕೇಳುವುದುಂಟು. ಬಿದ್ದಿದೆ. ಆದರೆ ಗಾಳಿ ಇನ್ನೂ ಜೋರಾಗಿ ಬರಬಹುದು, ಸ್ವಲ್ಪ ನೋಡೋಣ ಎಂದು ಕೂರುವವರ ಪೈಕಿ ನಾನು. ಇದರಲ್ಲಿ ಒಂದು ತಮಾಷೆಯಿದೆ. ನಾನು ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಪ್ರವೇಶದ ಗಡುವು ಮುಗಿದ ಮೇಲೆ ಮಕ್ಕಳ ಕೈ ಹಿಡಿದುಕೊಂಡು ಬರುವ ತಂದೆತಾಯಿಗಳನ್ನು ಕಿಟಕಿಯ ಈಚೆಯಿಂದ ಗದರಿಸುವುದು ನನ್ನ ಕೆಲಸದ ಒಂದು ಭಾಗ. ‘ಇಷ್ಟು ದಿನ ಏನ್ ಮಾಡ್ತಿದ್ರಿ? ನಿದ್ದೆ ಮಾಡ್ತಿದ್ರಾ?’ ಎಂದು ನಾನು ಕೇಳುವಾಗ ನನ್ನ ದನಿಯಲ್ಲಿ ಎಂಥ ಗಾಂಭೀರ್ಯ ಇರುತ್ತದೆಂದರೆ ಪಕ್ಕದ ಕೋಣೆಯಲ್ಲಿ ತೂಕಡಿಸುತ್ತಿರುವ ಹೆಡ್‌ಮಾಸ್ಟರೂ ಎದ್ದು ಸರಿಯಾಗಿ ಕೂರುತ್ತಾರೆ. ಅದೇ ನಾನು ಸಂಜೆ ಮನೆಗೆ ಬಂದು ಕರೆಂಟ್ ಬಿಲ್ಲನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಲೈನ್‌ಮನ್ ಬಂದು ಬಾಗಿಲು ಬಡಿಯುವವರೆಗೆ ಮರೆತಿರುತ್ತೇನೆ.

ನನ್ನ ಈ ಗುಣಕ್ಕೆ ಒಂದು ಊರಿದೆ. ನನ್ನ ಅವ್ವನ ತೌರು ಅಂತರಸಂತೆ, ಕಾಡಿನ ಅಂಚಿನ ಊರು. ಅಲ್ಲಿ ವಾರಕ್ಕೊಂದು ಸಂತೆ. ಚಿಕ್ಕಂದಿನಲ್ಲಿ ರಜೆ ಬಂತೆಂದರೆ ನಾವು ಅಲ್ಲೇ ಇರುತ್ತಿದ್ದೆವು. ಅವ್ವನ ಜೊತೆ ಚೀಲ ಹಿಡಿದು ಸಂತೆಗೆ ಹೋಗುವುದು ನನ್ನ ಪಾಲಿನ ಕೆಲಸ. ಆದರೆ ಅವ್ವ ಬೆಳಿಗ್ಗೆ ಸಂತೆಗೆ ಹೋದದ್ದನ್ನು ನಾನು ಕಂಡಿಲ್ಲ. ಊರವರೆಲ್ಲ ತುಂಬಿದ ಚೀಲ ಹೊತ್ತು ಮನೆಗೆ ಬರುವಾಗ ನಾವು ಖಾಲಿ ಚೀಲ ಮಡಿಚಿಕೊಂಡು ಹೊರಡುತ್ತಿದ್ದೆವು. ಕಾರಣ ಇಷ್ಟೇ. ಹೊತ್ತು ಇಳಿದ ಮೇಲೆ ಕಾಕನಕೋಟೆ ಕಡೆಯ ರಸ್ತೆಗೆ ಆನೆ ಬರುವುದುಂಟು. ದೂರದಿಂದ ತರಕಾರಿ ತಂದ ವ್ಯಾಪಾರಿಗಳಿಗೆ ಬೆಳಕಿರುವಾಗಲೇ ಊರು ಸೇರುವ ತರಾತುರಿ. ಬಿಸಿಲು ಕೆಂಪಗಾಗುತ್ತಿದ್ದ ಹಾಗೆ ಅವರ ಕಣ್ಣು ತಕ್ಕಡಿಯನ್ನು ಬಿಟ್ಟು ಕಾಡಿನ ಕಡೆ ಹೋಗುತ್ತಿತ್ತು. ಆಗ ಬದನೆಕಾಯಿ ರಾಶಿಗೆ ರಾಶಿಯೇ ಅಗ್ಗ. ಉಳಿದದ್ದನ್ನು ವಾಪಸ್ಸು ಹೊತ್ತು ದಾರಿಯಲ್ಲಿ ಆನೆಗೆ ಕೊಡುವುದಕ್ಕಿಂತ ಈ ಹೆಂಗಸಿಗೇ ಕೊಟ್ಟು ಹೋಗೋಣ ಎಂದು ಅವ್ವನ ಚೀಲಕ್ಕೆ ಸುರಿಯುತ್ತಿದ್ದರು. ನಮ್ಮ ಮನೆಯಲ್ಲಿ ಇದಕ್ಕೆ ‘ಆನೆ ಹೊತ್ತು’ ಎಂದೇ ಹೆಸರು. ‘ಸಂತೆಗೆ ಮದ್ಲು ಓಗೋನು ಮಾರೋನು ಕಣ್ಲಾ. ಕೊಳ್ಳೋನು ಆನೆ ಒತ್ಗೆ ಓಗ್ಬೇಕು’ ಎಂದು ಅವ್ವ ಪಾಠ ಹೇಳಿದಳು. ರೇಟು ಕೇಳು, ಮುಖ ಸಿಂಡರಿಸು, ಬೆನ್ನು ತಿರುಗಿಸಿ ನಡೆ, ಅವರೇ ಕರೆಯುತ್ತಾರೆ ಎಂಬುದು ಅದೇ ಪಾಠದ ಎರಡನೆಯ ಭಾಗ. ಕರೆದೇ ಕರೆಯುತ್ತಿದ್ದರು. ಶಾಲೆಯಲ್ಲಿ ಕಲಿತ ಬೀಜಗಣಿತ ನನಗೆ ಮರೆತುಹೋಗಿದೆ, ಇದು ಮರೆತಿಲ್ಲ.

ಆನೆಯ ಭಯವಿಲ್ಲದ ಹುಣಸೂರು ಪೇಟೆಯಲ್ಲಿ ಸಂಸಾರ ಹೂಡಿದ ಮೇಲೂ ನಾನು ಆನೆ ಹೊತ್ತನ್ನು ಬಿಡಲಿಲ್ಲ. ಸುಧಾಳಿಗೆ ಸೀರೆ ತರುವುದು ಅಂಗಡಿಯವರು ರಿಯಾಯಿತಿಯ ಬ್ಯಾನರು ಕಟ್ಟಿ, ಆ ಬ್ಯಾನರೂ ಬಿಸಿಲಿಗೆ ಬಣ್ಣಗೆಟ್ಟ ಮೇಲೆ. ‘ನನ್ ಸೀರೆಯೆಲ್ಲ ಒಂದೇ ಬಣ್ಣ ಕಣ್ರೀ, ಬೇರೆಯವ್ರು ಬೇಡ ಅಂದ ಬಣ್ಣ’ ಎನ್ನುತ್ತಾಳೆ ಅವಳು. ಹೆಣ್ಣು ನೋಡುವುದರಲ್ಲೂ ನಾನು ಆತುರ ಪಡಲಿಲ್ಲ, ಅದಕ್ಕೇ ನಿನ್ನಂಥವಳು ಸಿಕ್ಕಿದ್ದು ಎಂದು ಒಮ್ಮೆ ಹೊಗಳಲು ಹೋದೆ. ‘ಅಂದ್ರೆ ನಾನು ಆನೆ ಹೊತ್ತಿನ ಬದನೆಕಾಯಿ’ ಎಂದಳು. ಅಂದಿನಿಂದ ಹೊಗಳುವುದನ್ನು ಬಿಟ್ಟಿದ್ದೇನೆ. ಇನ್ನು ನಮ್ಮ ಬೀದಿಯ ಕೊನೆಯಲ್ಲಿ ನಜೀರ್ ಸಾಬರ ಮರದ ಸಾಮಾನಿನ ದೊಡ್ಡ ಅಂಗಡಿಯಿದೆ. ಮಗಳು ಸಿಂಚನಾಗೆ ಓದಲು ಒಂದು ಮೇಜು ಮಾಡಿಸಬೇಕಿತ್ತು. ಮದುವೆ ಸೀಜನ್ನಿನಲ್ಲಿ ಮಂಚ, ಬೀರುಗಳ ಗಲಾಟೆ, ಅದು ಮುಗಿಯಲಿ, ರೇಟು ಇಳಿಯುತ್ತದೆ ಎಂದು ಕಾದೆ. ಸೀಜನ್ ಮುಗಿಯುವ ಹೊತ್ತಿಗೆ ಅವರ ಹತ್ತಿರ ಒಳ್ಳೆಯ ಮರ ಮುಗಿದಿತ್ತು. ‘ಬನ್ನಿ ಸಾರ್, ಕೂತ್ಕಳಿ, ಟೀ ತಗಳಿ. ಮರ ಬರ್ಲಿ, ನಿಮ್ದೇ ಮೊದ್ಲು ಮಾಡ್ಕೊಡ್ತೀನಿ’ ಎಂದರು. ಮರ ಬಂದಾಗಲೆಲ್ಲ ಮತ್ತೊಂದು ಸೀಜನ್ ಬಂದಿರುತ್ತಿತ್ತು. ಹೀಗಾಗಿ ನಮ್ಮ ಸಿಂಚನಾ ಎಸ್ಸೆಸ್ಸೆಲ್ಸಿಯನ್ನೂ ಪಿಯುಸಿಯನ್ನೂ ಊಟದ ಮೇಜಿನ ಮೇಲೇ ಓದಿ ಪಾಸು ಮಾಡಿದಳು. ಮೇಜಿನ ಒಂದು ತುದಿಯಲ್ಲಿ ಸಾರಿನ ಪಾತ್ರೆ, ಇನ್ನೊಂದು ತುದಿಯಲ್ಲಿ ರಸಾಯನಶಾಸ್ತ್ರ.

ಅದರಿಂದಲೋ ಏನೋ, ಅವಳಿಗೆ ಆಹಾರ ವಿಜ್ಞಾನದಲ್ಲಿ ಬಿ.ಎಸ್ಸಿ. ಮಾಡುವ ಆಸೆ ಹುಟ್ಟಿತು. ನಾನು ತಂದ ಅಗ್ಗದ ಟೊಮೇಟೊ ಬೆಳಗಾಗುವುದರೊಳಗೆ ಬುಟ್ಟಿಯಲ್ಲೇ ನೀರಾಗುವುದನ್ನು ನೋಡಿ ನೋಡಿ ಹುಟ್ಟಿದ ಆಸೆ ಅದು ಎಂಬುದು ಸುಧಾಳ ಅಭಿಪ್ರಾಯ. ಈಗ ನಮ್ಮ ಜೊತೆಯೇ ಇರುವ ಅವ್ವನಿಗೆ ಮಾತ್ರ ಇದು ತಲೆಗೆ ಹೋಗಲಿಲ್ಲ. ‘ಅಡ್ಗೆ ಕಲಿಯಾಕೆ ಕಾಲೇಜ್ಗೆ ಯಾಕವ್ವಾ ಓಗ್ಬೇಕು, ಒಲೆ ಮುಂದೆ ಬಾ, ನಾನೇ ಕಲಿಸ್ತೀನಿ’ ಎಂದಳು. ‘ಅಡುಗೆ ಅಲ್ಲಜ್ಜಿ, ಮಾಡಿಟ್ಟಿದ್ದು ಯಾಕೆ ಕೆಡುತ್ತೆ, ಕೆಡದ ಹಾಗೆ ಹೇಗೆ ಇಡೋದು, ಅದನ್ನ ಓದೋದು’ ಎಂದು ಸಿಂಚನಾ ವಿವರಿಸಿದಳು. ‘ಕೆಡೋಗಂಟ ಯಾಕ್ ಮಡಿಕತೀರಿ, ಉಂಡು ಮುಗ್ಸಿ’ ಎಂದು ಅವ್ವ ಆ ಶಾಸ್ತ್ರವನ್ನು ಅಲ್ಲಿಗೇ ಮುಗಿಸಿದಳು. ನಗುವ ಮಾತು ನಕ್ಕದ್ದಾಯಿತು; ಆದರೆ ಮಗಳಿಗೆ ಅದು ತಮಾಷೆಯಾಗಿರಲಿಲ್ಲ. ಆ ವಿಷಯ ಕಲಿಸುವ ಕಾಲೇಜುಗಳೇ ಕಡಿಮೆ. ಅಲ್ಲಿ ಸಿಗದಿದ್ದರೆ ಇಷ್ಟವಿಲ್ಲದ ಯಾವುದಕ್ಕೋ ಸೇರಬೇಕು, ಇಲ್ಲವೇ ಒಂದು ವರ್ಷ ಸುಮ್ಮನೆ ಮನೆಯಲ್ಲಿ ಕೂರಬೇಕು. ಇಷ್ಟವಿಲ್ಲದ್ದನ್ನು ಓದಿ ಕಿಟಕಿಯ ಈಚೆ ಕೂತಿರುವ ಒಬ್ಬ ಮನುಷ್ಯ ಮನೆಯಲ್ಲಿ ಈಗಾಗಲೇ ಇದ್ದುದರಿಂದ ಇನ್ನೊಬ್ಬರು ಬೇಡ ಎಂದು ನನಗೂ ಇತ್ತು.

ಅವಳ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಡಂ ತಂದೆತಾಯಿಗಳನ್ನು ಕರೆಸಿ, ಕಾಲೇಜುಗಳ ಪಟ್ಟಿ ಮಾಡುವುದು ಹೇಗೆಂದು ಹೇಳಿಕೊಟ್ಟರು. ಪಟ್ಟಿ ಸಮತೂಕದಲ್ಲಿರಬೇಕು. ಎಟುಕದಂತೆ ಕಂಡರೂ ಒಂದು ಕೈ ನೋಡಿಬಿಡೋಣ ಎನ್ನುವಂಥವು ಒಂದೆರಡು ಇರಲಿ. ಮಕ್ಕಳ ಅಂಕಕ್ಕೆ ಸರಿಹೊಂದುವಂಥವು ಅದಕ್ಕಿಂತ ಹೆಚ್ಚಿರಲಿ. ಏನೇ ಆದರೂ ಸಿಕ್ಕೇ ಸಿಗುವಂಥವು ಒಂದೆರಡು ಇರಲೇಬೇಕು. ‘ಸಿಕ್ಕೇ ಸಿಗುತ್ತೆ ಅಂತ ಬರ್ಕೊಳ್ಳೋ ಕಾಲೇಜೂ ಮಕ್ಕಳಿಗೆ ಇಷ್ಟ ಇರೋದೇ ಆಗಿರ್ಬೇಕು. ಸಿಕ್ಕಿದ ಮೇಲೆ ಅಳೋ ಹಾಗಿರಬಾರದು’ ಎಂದರು. ಕೊನೆಗೆ ಇನ್ನೊಂದು ಮಾತು ಹೇಳಿದರು. ಕೆಲವು ಕಾಲೇಜುಗಳು ಅರ್ಜಿಯ ಕೊನೆಯ ದಿನಾಂಕ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ನೋಡಿ ಆರಿಸುತ್ತವೆ. ಇನ್ನು ಕೆಲವು ಹಾಗಲ್ಲ. ಅರ್ಜಿ ಬಂದ ಹಾಗೆ ಬಂದ ಹಾಗೆ ನೋಡಿ ಸೀಟು ಕೊಡುತ್ತಾ ಹೋಗುತ್ತವೆ, ತುಂಬಿದ ಕೂಡಲೇ ನಿಲ್ಲಿಸುತ್ತವೆ. ಅದಕ್ಕೆ ರೋಲಿಂಗ್ ಅಡ್ಮಿಷನ್ ಅನ್ನುತ್ತಾರೆ, ಅಂಥ ಕಡೆ ಮೊದಲೇ ಹೋಗಿ ಎಂದರು. ಆ ಮಾತು ಹೇಳುವಾಗ ನಾನು ಅವರ ಹಿಂದಿದ್ದ ಬೀರುವಿನಲ್ಲಿ ಫೈಲುಗಳನ್ನು ಎಷ್ಟು ನೀಟಾಗಿ ಜೋಡಿಸಿದ್ದಾರೆ ಎಂದು ನೋಡುತ್ತಿದ್ದೆ. ಗುಮಾಸ್ತರ ಕಣ್ಣು ಎಲ್ಲೇ ಹೋದರೂ ಮೊದಲು ಫೈಲಿಗೇ ಹೋಗುತ್ತದೆ.

ಮನೆಗೆ ಬಂದು ಊಟದ ಮೇಜಿನ ಮೇಲೆ ಪಟ್ಟಿ ಶುರುವಾಯಿತು. ಸಿಂಚನಾ ನಾಲ್ಕಾರು ಹೆಸರು ಬರೆದು ಅಚ್ಚುಕಟ್ಟಾಗಿ ಮುಗಿಸಿದ್ದಳು. ಅದು ನಮ್ಮ ಕೈಗೆ ಬಂದ ಮೇಲೆ ಕೆಟ್ಟಿತು. ಪಿರಿಯಾಪಟ್ಟಣದಲ್ಲಿರುವ ಸುಧಾಳ ತಮ್ಮ ಪ್ರಕಾಶ ಫೋನಿನಲ್ಲೇ ಸಲಹೆ ಕೊಟ್ಟ. ‘ಬೆಂಗ್ಳೂರಿಂದು ಹಾಕಿ ಭಾವ. ಹೆಸರು ಹೇಳುದ್ರೆ ಜನ ತಿರುಗಿ ನೋಡ್ಬೇಕು.’ ಇವನು ಪಿಯುಸಿಯಲ್ಲಿ ಎಷ್ಟು ಸಲ ಕೂತನೆಂದರೆ ಪರೀಕ್ಷೆಯ ಹಾಲಿನಲ್ಲಿ ಕೊಠಡಿ ಮೇಲ್ವಿಚಾರಕರೇ ತಿರುಗಿ ನೋಡುತ್ತಿದ್ದರು. ಆದರೂ ಬರೆದುಕೊಂಡೆ. ಸುಧಾ ಟೀವಿ ಜಾಹೀರಾತಿನಲ್ಲಿ ಕಂಡ ಒಂದನ್ನು ಸೇರಿಸಿದಳು. ಅದರ ಮುಂದೆ ಒಳ್ಳೆಯ ಹೂದೋಟವಿತ್ತಂತೆ. ನಾನು ಹೆಸರಿನಲ್ಲಿ ಗತ್ತಿರುವಂಥವು ಇನ್ನಷ್ಟು ಸೇರಿಸಿದೆ. ಕೊನೆಗೆ ನೋಡಿದರೆ ಎಟುಕದ ಕಾಲೇಜುಗಳೇ ಹಾಳೆಯ ತುಂಬ. ಅಳತೆಗೆ ಸರಿಹೋಗುವವು ಎರಡು. ಸಿಕ್ಕೇ ಸಿಗುವಂಥದ್ದು ಒಂದೇ ಒಂದು. ‘ಅಪ್ಪ, ಇದು ಸಮತೂಕ ಅಲ್ಲ’ ಎಂದಳು ಮಗಳು. ‘ಆಸೆ ದೊಡ್ಡದಿರಬೇಕು ಕಣಮ್ಮ’ ಎಂದು ಗಂಭೀರವಾಗಿ ಹೇಳಿದೆ. ಸ್ವಂತಕ್ಕೆ ಒಂದು ಚಪ್ಪಲಿ ಕೊಳ್ಳಬೇಕಾದರೂ ಹಬ್ಬ ಕಳೆಯಲಿ ಎಂದು ಕಾಯುವವನ ಬಾಯಲ್ಲಿ ಬಂದ ಮಾತು ಅದು.

ಆ ಒಂದೇ ಒಂದು ಕಾಲೇಜಿನ ವಿಷಯದಲ್ಲಿ ನನಗೊಂದು ಸ್ವಾರ್ಥವಿತ್ತು. ಅದು ಮೈಸೂರಿನಲ್ಲಿ, ನಮ್ಮ ಹುಣಸೂರು ರಸ್ತೆಯಿಂದ ಊರೊಳಗೆ ಹೋಗುವಾಗಲೇ ಸಿಗುವಂಥದ್ದು. ಮಗಳ ಅಂಕಕ್ಕೆ ಅಲ್ಲಿ ಸೀಟು ಗ್ಯಾರಂಟಿ ಎಂದು ಮೇಡಂ ಹೇಳಿದ್ದರು. ಅವಳಿಗೂ ಅದು ಇಷ್ಟವೇ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವುದರೊಳಗೆ ಮನೆಗೆ ಬರಬಹುದು. ಒಬ್ಬಳೇ ಮಗಳು. ಸಂಜೆ ಬಾಗಿಲಲ್ಲಿ ಅವಳು ಚಪ್ಪಲಿ ಬಿಡುವ ಸದ್ದು ಕೇಳದೆ ನನಗೆ ಕಾಫಿ ಇಳಿಯುವುದಿಲ್ಲ. ಯಾರಾದರೂ ಹಾಸ್ಟೆಲಿನ ಮಾತೆತ್ತಿದರೆ ನಾನು ಎದ್ದು ನೀರು ಕುಡಿಯಲು ಹೋಗುತ್ತಿದ್ದೆ. ಇದನ್ನು ನಾನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಸುಧಾ ಅಂದೇ ನನ್ನನ್ನು ಬಸ್ಸು ಹತ್ತಿಸಿ ಅರ್ಜಿ ಕೊಡಿಸಿಬಿಡುತ್ತಿದ್ದಳು ಎಂದು ಈಗ ಅನಿಸುತ್ತದೆ.

‘ಅಪ್ಪ, ಇಲ್ಲಿ ಕೊನೇ ದಿನಾಂಕ ಅಂತ ಹಾಕಿಲ್ಲ. ಇದು ರೋಲಿಂಗ್ ಅಡ್ಮಿಷನ್. ಈ ವಾರವೇ ಹಾಕ್ಬಿಡ್ತೀನಿ, ಆನ್‌ಲೈನಲ್ಲೇ ಆಗುತ್ತೆ’ ಎಂದು ಸಿಂಚನಾ ಫೋನು ತೋರಿಸಿದಳು. ಕೊನೆಯ ದಿನಾಂಕ ಇಲ್ಲ ಎಂಬ ಮಾತೊಂದೇ ನನ್ನ ತಲೆಯೊಳಗೆ ಹೋಗಿದ್ದು. ಕೊನೆಯ ದಿನವೇ ಇಲ್ಲದ ಕಡೆ ಅವಸರ ಯಾಕೆ? ‘ಈಗಲೇ ಓಡಿ ಹೋದ್ರೆ ನಮಗೆ ಗತಿಯಿಲ್ಲ ಅಂತ ಅವರಿಗೆ ಗೊತ್ತಾಗಿಬಿಡುತ್ತೆ. ಕೊನೇಲಿ ಸೀಟು ಉಳಿದಾಗ ಹೋಗೋಣ. ಫೀಸಲ್ಲೂ ಬಿಡ್ತಾರೆ, ಬಸ್ಸಿನ ಟೈಮಿಗೆ ಸರಿಯಾದ ಕ್ಲಾಸಿಗೂ ಹಾಕ್ತಾರೆ. ಆನ್‌ಲೈನ್ ಎಲ್ಲ ಬೇಡ, ನಾನೇ ಖುದ್ದು ಹೋಗಿ ಮಾತಾಡ್ತೀನಿ’ ಎಂದೆ. ಮಗಳು ನಜೀರ್ ಸಾಬರ ಮರದ ಉದಾಹರಣೆ ಕೊಟ್ಟಳು. ಮರ ಇರುವವರೆಗೆ ಆರ್ಡರ್ ತಗೋತಾರೆ, ಮರ ಮುಗಿದರೆ ಇಲ್ಲ, ಇದೂ ಹಾಗೇ ಎಂದಳು. ‘ನಜೀರ್ ಸಾಬ್ರು ನನಗೆ ಮೇಜು ಮಾಡ್ಕೊಡೋದು ಗ್ಯಾರಂಟಿ’ ಎಂದೆ. ಅವಳು ಊಟದ ಮೇಜಿನ ಮೇಲಿದ್ದ ತನ್ನ ಪುಸ್ತಕಗಳನ್ನು ಒಮ್ಮೆ ನೋಡಿ, ಸಾರಿನ ಪಾತ್ರೆಯ ಪಕ್ಕದಿಂದ ಆಚೆ ಸರಿಸಿದಳು. ‘ನನ್ ಮಗ ಸರ್ಯಾಗೇ ಯೋಳ್ತಾ ಅವ್ನೆ ಬುಡಿ. ಸೀಟೇನು ಕಾಲು ಬಂದು ಓಡೋಯ್ತದಾ?’ ಎಂದು ಅವ್ವ ನನ್ನ ಪರ ನಿಂತಳು. ಹಿರಿಯರ ಬೆಂಬಲ ಸಿಕ್ಕಿದ ಮೇಲೆ ಮಾತು ಮುಗಿದಂತೆಯೇ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ ಆದಾಯದ ಸರ್ಟಿಫಿಕೇಟು ಎಲ್ಲದರ ಜೆರಾಕ್ಸ್ ಮಾಡಿಸಿ, ಒಂದು ಒಳ್ಳೆಯ ಫೈಲಿನಲ್ಲಿ ಜೋಡಿಸಿ, ಬೀರುವಿನ ಮೇಲಿಟ್ಟೆ. ಫೈಲು ಬಹಳ ನೀಟಾಗಿತ್ತು.

ಆ ಮೇಲಿನ ದಿನಗಳಲ್ಲಿ ಎಟುಕದ ಕಾಲೇಜುಗಳು ಒಂದೊಂದಾಗಿ ತಮ್ಮ ಪಟ್ಟಿ ಹಾಕತೊಡಗಿದವು. ಸಿಂಚನಾ ಫೋನು ಹಿಡಿದು ಮೇಲಿಂದ ಕೆಳಗೆ ಬೆರಳಾಡಿಸುವುದು, ಮತ್ತೆ ಕೆಳಗಿಂದ ಮೇಲೆ ಬರುವುದು, ಕೊನೆಗೆ ಫೋನನ್ನು ಬೋರಲಾಗಿ ಇಡುವುದು. ಫೋನು ಬೋರಲಾದರೆ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಹೂದೋಟದ ಕಾಲೇಜೂ ಹೋಯಿತು, ಜನ ತಿರುಗಿ ನೋಡುವ ಕಾಲೇಜೂ ಹೋಯಿತು. ಅಳತೆಗೆ ಸರಿಹೋಗುವ ಎರಡರಲ್ಲಿ ಒಂದು ಅವಳನ್ನು ಕಾಯುವವರ ಸಾಲಿನಲ್ಲಿ ಬಹಳ ಹಿಂದೆ ನಿಲ್ಲಿಸಿತು. ಇನ್ನೊಂದು, ಈ ವರ್ಷ ಆ ವಿಷಯವನ್ನೇ ನಡೆಸುತ್ತಿಲ್ಲ ಎಂದು ಮೆಸೇಜು ಕಳಿಸಿತು. ‘ಈಗ್ಲಾದ್ರೂ ಮೈಸೂರಿಗೆ ಹೋಗ್ಬನ್ನಿ ಅಂದ್ರೆ’ ಎಂದು ಸುಧಾ ಪ್ರತಿದಿನ ಹೇಳುತ್ತಿದ್ದಳು. ನಾನು ಪ್ರತಿದಿನ, ಈಗ ರಶ್ ಇರುತ್ತೆ, ಸ್ವಲ್ಪ ಇಳಿಯಲಿ ಎನ್ನುತ್ತಿದ್ದೆ. ಒಂದು ದಿನ ರಾತ್ರಿಯ ಊಟಕ್ಕೆ ಕೂತಾಗ ಸಿಂಚನಾ ತಟ್ಟೆಯಿಂದ ಮುಖ ಎತ್ತದೆ, ‘ನಾಳೆ ಹೋಗೋಣ ಅಪ್ಪ. ನಾನೂ ಬರ್ತೀನಿ’ ಎಂದಳು. ಅವಳು ಕೇಳಲಿಲ್ಲ, ಹೇಳಿದಳು. ಆ ದನಿ ನನಗೆ ಗುರುತಿತ್ತು. ಅದು ಅವಳ ಅಮ್ಮನದು.

ಮರುದಿನ ಮೈಸೂರು ತಲುಪಿದಾಗ ಮಧ್ಯಾಹ್ನ ದಾಟಿತ್ತು. ಬೆಳಗಿನ ಬಸ್ಸನ್ನು ನಾನು ತಪ್ಪಿಸಿದ್ದು ಬೇಕೆಂದೇ. ಕಚೇರಿ ಮುಚ್ಚುವ ಹೊತ್ತು ಹತ್ತಿರವಾದಷ್ಟೂ ಒಳಗಿರುವವರು ಮೆತ್ತಗಾಗುತ್ತಾರೆ ಎಂಬುದು ನನ್ನ ಲೆಕ್ಕ. ಕಾಲೇಜಿನ ಗೇಟಿನಲ್ಲಿ ‘ಪ್ರವೇಶ ಪ್ರಾರಂಭವಾಗಿದೆ’ ಎಂಬ ಬ್ಯಾನರು ಇನ್ನೂ ಇತ್ತು. ಬಿಸಿಲಿಗೆ ಚೆನ್ನಾಗಿ ಬಣ್ಣಗೆಟ್ಟಿತ್ತು. ನನಗೆ ಧೈರ್ಯ ಬಂತು. ಕಿಟಕಿಯ ಒಳಗೆ ಕೂತಿದ್ದ ಹೆಂಗಸು ನನ್ನ ಫೈಲನ್ನು ತೆಗೆದುಕೊಂಡು, ಮಗಳ ಅಂಕಪಟ್ಟಿ ನೋಡಿ, ‘ಫುಡ್ ಸೈನ್ಸ್ ಅಲ್ವಾ ಸಾರ್? ಅದು ತುಂಬಿ ಹೋಯ್ತಲ್ಲ’ ಎಂದರು. ‘ಹೊರಗೆ ಬ್ಯಾನರ್ ಇದೆಯಲ್ಲಮ್ಮ’ ಎಂದೆ. ‘ಅದು ಬಿ.ಕಾಂಗೆ ಸಾರ್. ಇವಳ ಮಾರ್ಕ್ಸ್‌ಗೆ ಶುರುವಿನಲ್ಲೇ ಬಂದಿದ್ರೆ ಕಣ್ಮುಚ್ಚಿ ಕೊಟ್ಬಿಡ್ತಿದ್ವಿ’ ಎಂದರು ಬೇಜಾರಿನಿಂದ. ಇಷ್ಟು ದಿನ ಏನ್ ಮಾಡ್ತಿದ್ರಿ, ನಿದ್ದೆ ಮಾಡ್ತಿದ್ರಾ ಎಂದು ಅವರು ಈಗ ಕೇಳುತ್ತಾರೆ ಎಂದು ನಾನು ಕಾದು ನಿಂತೆ. ಅವರು ಕೇಳಲಿಲ್ಲ. ಫೈಲನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ಸು ಕೊಟ್ಟರು. ನಾನು ನಮ್ಮ ಶಾಲೆಯಲ್ಲಿ ಒಬ್ಬರಿಗೂ ಹಾಗೆ ಕೊಟ್ಟದ್ದಿಲ್ಲ.

ಅಷ್ಟಕ್ಕೇ ತಲೆತಗ್ಗಿಸಿ ಬಂದಿದ್ದರೆ ನನ್ನ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಆದರೆ ನನ್ನೊಳಗಿನ ಅಂತರಸಂತೆ ಅಷ್ಟು ಬೇಗ ಬಿಡುತ್ತದೆಯೇ? ಮುಖ ಸಿಂಡರಿಸಿದೆ. ‘ಹೋಗ್ಲಿ ಬಿಡಿ, ಬೇರೆ ಕಾಲೇಜುಗಳು ಇವೆ’ ಎಂದು ಜೋರಾಗಿಯೇ ಹೇಳಿದೆ. ‘ಬಾಮ್ಮ’ ಎಂದು ಮಗಳನ್ನು ಕರೆದು ಬೆನ್ನು ತಿರುಗಿಸಿ ನಡೆದೆ. ಕಾರಿಡಾರಿನಲ್ಲಿ ನಿಧಾನವಾಗಿ ನಡೆದೆ. ಮೆಟ್ಟಿಲಿಳಿಯುವಾಗ ಇನ್ನೂ ನಿಧಾನ ಮಾಡಿದೆ. ಅಂಗಳದಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ ನಿಂತೆ. ಗೇಟಿನ ಹತ್ತಿರ ಬಂದು ಬ್ಯಾನರನ್ನು ಇನ್ನೊಮ್ಮೆ ಓದುವ ನೆಪದಲ್ಲಿ ಕಿವಿ ಹಿಂದಕ್ಕೆ ಕೊಟ್ಟೆ. ಸಿಂಚನಾ ನನ್ನ ಪಕ್ಕಕ್ಕೆ ಬಂದು ನನ್ನ ಅಂಗಿಯ ತೋಳು ಹಿಡಿದು ಮೆಲ್ಲಗೆ ಹೇಳಿದಳು: ‘ಅಪ್ಪ, ಯಾರೂ ಕರೀತಾ ಇಲ್ಲ.’

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತೆವು. ಓದಿ ಅಂಕ ತೆಗೆದದ್ದು ಅವಳು, ಪಟ್ಟಿಯನ್ನು ಸರಿಯಾಗಿ ಬರೆದದ್ದು ಅವಳು, ಬೇಗ ಹಾಕೋಣ ಎಂದದ್ದೂ ಅವಳು. ಬದನೆಕಾಯಿ ಕೊಳ್ಳುವ ವಿದ್ಯೆಯಿಂದ ಅವಳ ಒಂದು ವರ್ಷವನ್ನು ನಾನು ಕಳೆದಿದ್ದೆ. ‘ತಪ್ಪಾಯ್ತು ಕಣಮ್ಮ’ ಎಂದೆ. ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ‘ಅದನ್ನ ಆಮೇಲೆ ಹೇಳಪ್ಪ, ಈಗ ನಿನ್ನ ಫೋನ್ ಕೊಡು, ನಂದ್ರಲ್ಲಿ ಚಾರ್ಜ್ ಕಡಿಮೆ ಇದೆ’ ಎಂದಳು. ಅಲ್ಲೇ ಕೂತು, ಆ ವಿಷಯ ಇರುವ, ಇನ್ನೂ ಬಾಗಿಲು ತೆರೆದಿರುವ ಕಾಲೇಜುಗಳನ್ನು ಹುಡುಕಿ, ಒಂದೊಂದಕ್ಕೂ ಫೋನು ಮಾಡತೊಡಗಿದಳು. ಸೀಟಿದೆಯಾ, ನನ್ನ ಅಂಕಕ್ಕೆ ಸಿಗುತ್ತಾ, ಇವತ್ತೇ ಹಾಕಿದರೆ ಇವತ್ತೇ ನೋಡುತ್ತೀರಾ. ಬಸ್ಸುಗಳು ಬಂದವು, ಹೋದವು. ಹಾಸನದ ಒಂದು ಕಾಲೇಜಿನವರು, ಸ್ವಲ್ಪ ಉಳಿದಿದೆ, ಬಂದ ಹಾಗೆ ಕೊಡ್ತಾ ಇದ್ದೀವಿ, ಈಗಲೇ ಹಾಕಿ ಎಂದರು. ನನ್ನ ಫೈಲಿನಲ್ಲಿದ್ದ ಒಂದೊಂದು ಹಾಳೆಯನ್ನೂ ನನ್ನ ತೊಡೆಯ ಮೇಲೇ ಇಟ್ಟು ಫೋಟೊ ತೆಗೆದಳು. ಆ ಫೈಲು ಉಪಯೋಗಕ್ಕೆ ಬಂದದ್ದು ಆಗಲೇ.

ಎಲ್ಲ ಆಯಿತು ಎನ್ನುವಾಗ ಓಟಿಪಿ ಬೇಕಾಯಿತು. ಅರ್ಜಿಯಲ್ಲಿ ಪೋಷಕರ ನಂಬರು ಕೇಳಿದ ಕಡೆ ಸಿಂಚನಾ ಅಭ್ಯಾಸಬಲದಿಂದ ಸುಧಾಳ ನಂಬರು ಕೊಟ್ಟಿದ್ದಳು. ಮನೆಗೆ ಫೋನು ಮಾಡಿದರೆ ಎತ್ತಿಕೊಂಡದ್ದು ಅವ್ವ; ಸುಧಾ ಹಿತ್ತಲಲ್ಲಿ ಬಟ್ಟೆ ಒಣಗಿಹಾಕುತ್ತಿದ್ದಳಂತೆ. ಓದುಬರಹ ಬರದಿದ್ದರೂ ಅವ್ವನಿಗೆ ಅಂಕಿಗಳು ಬರುತ್ತವೆ. ‘ಅವ್ವ, ಫೋನಲ್ಲಿ ಒಂದು ನಂಬರ್ ಬಂದಿರುತ್ತೆ, ಓದು’ ಎಂದೆ. ‘ಓಟಿಪೀನಾ? ಯಾರ್ಗೂ ಯೋಳ್ಬಾರ್ದು ಅಂತ ಟೀವೀಲಿ ಯೋಳವ್ರೆ ಕಣಪ್ಪ. ನಾ ಯೋಳಕ್ಕಿಲ್ಲ’ ಎಂದಳು. ‘ಅವ್ವ, ನಾನು ನಿನ್ ಮಗ.’ ‘ಕಳ್ರೂ ಅಂಗೇ ಅಂತಾರಂತೆ.’ ‘ಅಯ್ಯೋ, ಟೈಮ್ ಮುಗಿದು ಹೋಗುತ್ತವ್ವ, ಬೇಗ ಹೇಳು’ ಎಂದೆ. ಅವ್ವ ತೀರ್ಮಾನದ ದನಿಯಲ್ಲಿ, ‘ನನ್ ಮಗ ಯಾವತ್ತೂ ಬೇಗ ಅನ್ನಕ್ಕಿಲ್ಲ. ನೀ ಯಾವನ್ಲಾ?’ ಎಂದಳು. ಕೊನೆಗೆ ಸುಧಾ ಹಿತ್ತಲಿಂದ ಓಡಿಬಂದು ಫೋನು ಕಿತ್ತುಕೊಳ್ಳಬೇಕಾಯಿತು. ಮೊದಲನೆಯ ಓಟಿಪಿ ಸತ್ತು, ಎರಡನೆಯದು ಬಂದು, ಅರ್ಜಿ ಹೋಯಿತು. ಊರಿಗೆ ವಾಪಸ್ಸು ಬರುವ ಬಸ್ಸಿನಲ್ಲಿ, ಬಿಳಿಕೆರೆ ದಾಟುವಾಗ, ಸೀಟು ಕೊಟ್ಟಿರುವ ಸುದ್ದಿ ಮಗಳ ಇಮೇಲಿಗೆ ಬಂತು. ಸಿಂಚನಾ ಅದನ್ನು ನನಗೆ ತೋರಿಸಿ, ಆಗ ಅತ್ತಳು. ನನ್ನ ಹೆಗಲ ಮೇಲೆ ತಲೆಯಿಟ್ಟು ಸುಮಾರು ಹೊತ್ತು ಅತ್ತಳು. ನಾನೂ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹಾಸನ ಎಂದರೆ ಹಾಸ್ಟೆಲು ಎಂಬುದು ನನಗೆ ಹೊಳೆದದ್ದು ಹುಣಸೂರಿನಲ್ಲಿ ಇಳಿದ ಮೇಲೆ.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕೂತಿದ್ದಳು. ಸಂಗತಿ ಕೇಳಿ, ‘ನಾನ್ ಆಗ್ಲೇ ಬಡ್ಕೊಂಡೆ, ಬಿರ್ನೆ ಓಗ್ಲಾ ಅಂತ. ಇವ್ನು ಕೇಳ್ತಾನಾ?’ ಎಂದು ಅಕ್ಕಪಕ್ಕದವರಿಗೆ ಕೇಳುವಂತೆ ಹೇಳಿದಳು. ಸುಧಾ ಆಗಲೇ ಟ್ರಂಕು ಇಳಿಸಿ ಧೂಳು ಕೊಡವತೊಡಗಿದಳು. ಒಂದು ಟ್ರಂಕು, ಒಂದು ಹಾಸಿಗೆ, ಒಂದು ಡಬ್ಬಿ ಚಟ್ನಿಪುಡಿ ಹೊತ್ತು ಮಗಳನ್ನು ಹಾಸನಕ್ಕೆ ಬಿಟ್ಟು ಬಂದೆವು. ಆ ಮೇಲಿನ ಸಂಜೆಗಳಲ್ಲಿ ಸುಧಾ ನನಗೆ ಕಾಫಿ ಕೊಟ್ಟು, ಅದು ಆರುವವರೆಗೆ ನಾನು ಬಾಗಿಲ ಕಡೆ ನೋಡುವುದನ್ನು ನೋಡಿ, ಲೋಟ ತೆಗೆದುಕೊಂಡು ಹೋಗಿ ಮತ್ತೆ ಬಿಸಿ ಮಾಡಿ ತಂದು ಕೊಡುತ್ತಿದ್ದಳು. ಬೇಗ ಹೋಗಿದ್ದರೆ ಮಗಳು ಇಷ್ಟು ಹೊತ್ತಿಗೆ ಮನೆಯಲ್ಲಿರುತ್ತಿದ್ದಳು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಮೊನ್ನೆ ಒಂದು ಭಾನುವಾರ ಅವ್ವ ಮಾಡಿದ ಕಜ್ಜಾಯ ಕಟ್ಟಿಸಿಕೊಂಡು, ಕೆ.ಆರ್.ನಗರದಲ್ಲಿ ಬಸ್ಸು ಬದಲಿಸಿ, ಹಾಸನಕ್ಕೆ ಹೋದೆ. ದಾರಿಯುದ್ದಕ್ಕೂ ಮಗಳಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಬಸ್‌ಸ್ಟಾಪಿನಲ್ಲಿ ಅವಳು ‘ಆಮೇಲೆ ಹೇಳು’ ಎಂದದ್ದು ಬಾಕಿಯಿತ್ತು. ಸಿಂಚನಾ ಹಾಸ್ಟೆಲಿನ ಗೆಳತಿಯರ ಜೊತೆ ನಗುತ್ತಾ ಬಂದಳು. ಕಜ್ಜಾಯದಲ್ಲಿ ನೀರಿನಂಶ ಕಡಿಮೆ, ಬೆಲ್ಲ ಜಾಸ್ತಿ, ಅದಕ್ಕೇ ಅದು ಬೇಗ ಕೆಡುವುದಿಲ್ಲ ಎಂದು ಅವರಿಗೆಲ್ಲ ವಿವರಿಸಿದಳು. ಆದರೆ ಕೆಡುವಷ್ಟು ಹೊತ್ತು ಅದನ್ನು ಯಾರೂ ಉಳಿಸಲಿಲ್ಲ. ಗೆಳತಿಯರು ಅತ್ತ ಹೋದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ‘ಆವತ್ತು ನಾನು ಬೇಗ ಹೋಗಿದ್ದಿದ್ರೆ’ ಎಂದು ಶುರುಮಾಡಿದೆ. ‘ಅಯ್ಯೋ ಬಿಡಪ್ಪ, ನೀನು ಲೇಟ್ ಮಾಡಿದ್ದೇ ಒಳ್ಳೇದಾಯ್ತು. ಮೈಸೂರಲ್ಲಿ ಸಿಕ್ಕಿದ್ರೆ ದಿನಾ ಸಂಜೆ ಮನೆಗೆ ಬರ್ಬೇಕಿತ್ತು’ ಎಂದಳು, ಬಾಯಲ್ಲಿ ಕಜ್ಜಾಯ ಇಟ್ಟುಕೊಂಡೇ. ಅವಳ ಮುಖದಲ್ಲಿ ಒಂದಿಷ್ಟೂ ಕೊಂಕು ಇರಲಿಲ್ಲ. ನನ್ನನ್ನು ಸಮಾಧಾನ ಮಾಡುವುದಕ್ಕೇ ಹೇಳಿದ್ದಳು. ನಾನು ನಕ್ಕೆ. ನಗದೆ ಇನ್ನೇನು ಮಾಡಲಿ?

ವಾಪಸ್ಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಕೆ.ಆರ್.ನಗರದ ಕಡೆಯವರು. ಮಾತಿಗೆ ಮಾತು ಬೆಳೆದು, ಮಗಳನ್ನು ಹಾಸನಕ್ಕೆ ಯಾಕೆ ಹಾಕಿದಿರಿ, ಮೈಸೂರು ಹತ್ತಿರವಿತ್ತಲ್ಲ ಎಂದರು. ‘ಎಲ್ಲ ಯೋಚನೆ ಮಾಡಿಯೇ ತಡ ಮಾಡಿದ್ದು ಕಣ್ರೀ. ಹೆಣ್ಮಕ್ಕಳು ಹೊರಗೆ ಹೋಗಿ ನಾಲ್ಕು ಜನರ ಜೊತೆ ಬೆಳೀಬೇಕು’ ಎಂದೆ. ಅವರು ಮೆಚ್ಚಿ ತಲೆದೂಗಿದರು. ‘ನನ್ ಮಗಳೂ ಪಿಯುಸಿ ಮುಗಿಸ್ತಾಳೆ ಸಾರ್. ನಮಗೆ ಇದೆಲ್ಲ ಗೊತ್ತಾಗಕ್ಕಿಲ್ಲ. ಯಾವಾಗ ಅರ್ಜಿ ಹಾಕುದ್ರೆ ಒಳ್ಳೇದು, ನೀವೇ ಯೋಳಿ’ ಎಂದರು. ‘ಮೊದಲನೇ ದಿನವೇ ಹೋಗಿ’ ಎಂದೆ. ‘ಕಚೇರಿ ಬಾಗಿಲು ತೆಗೆಯೋದ್ರೊಳಗೆ ಹೋಗಿ ನಿಂತ್ಕೊಳಿ. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರೋ ಅಂಥ ಕಾಲೇಜನ್ನೇ ಮೊದಲು ಹಿಡೀರಿ.’ ಅವರು ‘ಅಲ್ಲ ಸಾರ್, ಈಗ್ತಾನೆ ನೀವು’ ಎಂದು ಏನೋ ಕೇಳಲು ಬಾಯಿ ತೆರೆದರು. ಕೆ.ಆರ್.ನಗರ ಇನ್ನೂ ಸಾಕಷ್ಟು ದೂರವಿತ್ತು. ನಾನು ಖಾಲಿ ಡಬ್ಬಿಯ ಚೀಲ ಎತ್ತಿಕೊಂಡು, ಇಡೀ ಬಸ್ಸಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು, ಬಾಗಿಲ ಹತ್ತಿರ ಹೋಗಿ ನಿಂತೆ.